ಹೊಸದಾಗಿ ತಂದ ಫೈಟರ್ (ಬೆಟ್ಟಾ) ಮೀನು ಅಸ್ವಸ್ಥಗೊಂಡಲ್ಲಿ ಕೈಗೊಳ್ಳಬೇಕಾದ ಕ್ರಮಗಳು

ಪೀಠಿಕೆ

ಫೈಟರ್ ಮೀನು ಎಂದು ಪರಿಚಿತವಾಗಿರುವ ಬೆಟ್ಟಾ ಮೀನು ಆಗ್ನೇಯ ಏಷ್ಯಾದ ಜೌಗು ಪ್ರದೇಶ ಹಾಗೂ ಭತ್ತದ ಗದ್ದೆಗಳ ಸಿಹಿನೀರಿಗೆ ಸೇರಿದ್ದು. ಥಾಯ್ಲೆಂಡ್ ದೇಶವು 2019ರಲ್ಲಿ ಇದನ್ನು ತನ್ನ ರಾಷ್ಟ್ರೀಯ ಜಲಚರವೆಂದು ಘೋಷಿಸಿತು. ಈ ಮೀನು ಕಿವಿರುಗಳಲ್ಲದೆ ಲ್ಯಾಬಿರಿಂತ್ ಎಂಬ ಅಂಗದ ಮೂಲಕ ಗಾಳಿಯನ್ನೂ ನೇರವಾಗಿ ಉಸಿರಾಡಬಲ್ಲದು. ಆದ್ದರಿಂದ ಚಿಕ್ಕ ಗಾಜಿನ ಬಟ್ಟಲಿನಲ್ಲಿಯೂ ಸಾಕಬಹುದೆಂಬ ತಪ್ಪು ಭಾವನೆ ಇದೆ. ಗಾಳಿಯ ಉಸಿರಾಟವು ಆಮ್ಲಜನಕದ ಕೊರತೆಯಿಂದ ರಕ್ಷಿಸುವುದೇ ಹೊರತು ನೀರಿನಲ್ಲಿ ಸೇರುವ ವಿಷದಿಂದ ರಕ್ಷಿಸುವುದಿಲ್ಲ. ಆದುದರಿಂದ ಹೊಸ ಮೀನು ಮಂಕಾದಲ್ಲಿ ಔಷಧಿ ಹುಡುಕುವ ಮೊದಲು ನೀರನ್ನು ಪರಿಶೀಲಿಸತಕ್ಕದ್ದು.

1. ಲಕ್ಷಣಗಳು

ಈಜುರೆಕ್ಕೆಗಳನ್ನು ಮುದುಡಿಕೊಂಡಿರುವುದು, ತೊಟ್ಟಿಯ ತಳದಲ್ಲಿ ಸದಾ ಮಲಗಿರುವುದು, ಬಣ್ಣ ಮಾಸುವುದು, ಕಿವಿರು ವೇಗವಾಗಿ ಆಡುವುದು, ಕಲ್ಲುಗಳಿಗೆ ಮೈ ಉಜ್ಜುವುದು ಅಸ್ವಸ್ಥತೆಯ ಲಕ್ಷಣಗಳು. ಆಗಾಗ ಮೇಲಕ್ಕೆ ಬಂದು ಗಾಳಿ ಪಡೆಯುವುದು, ನೀರಿನ ಮೇಲೆ ನೊರೆಯ ಗೂಡು ಕಟ್ಟುವುದು ಸಹಜ ವರ್ತನೆಗಳಾಗಿವೆ. ಸ್ಥಳ ಬದಲಾದ ಮೊದಲ ಎರಡು ಮೂರು ದಿನ ಆಹಾರ ಮುಟ್ಟದಿದ್ದರೂ ಗಾಬರಿಪಡುವ ಅಗತ್ಯವಿಲ್ಲ.

2. ಸಾಮಾನ್ಯ ಕಾರಣಗಳು

ಅ) ಅಮೋನಿಯ: ಮೀನಿನ ತ್ಯಾಜ್ಯ ಹಾಗೂ ಉಳಿದ ಆಹಾರದಿಂದ ಅಮೋನಿಯ ಉತ್ಪತ್ತಿಯಾಗುತ್ತದೆ. ಇದನ್ನು ನೈಟ್ರೈಟ್ ಆಗಿ, ನಂತರ ಕಡಿಮೆ ಅಪಾಯದ ನೈಟ್ರೇಟ್ ಆಗಿ ಪರಿವರ್ತಿಸುವ ಬ್ಯಾಕ್ಟೀರಿಯಾಗಳು ಹೊಸ ತೊಟ್ಟಿಯಲ್ಲಿ ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರಗಳು ಬೇಕು. ಅಲ್ಲಿಯವರೆಗೆ ತಿಳಿಯಾಗಿ ಕಾಣುವ ನೀರೂ ವಿಷಕಾರಿಯಾಗಿರಬಹುದು.

ಆ) ಕ್ಲೋರಿನ್: ನಲ್ಲಿ ನೀರಿನ ಕ್ಲೋರಿನ್ ಕಿವಿರುಗಳಿಗೆ ಹಾನಿ ಮಾಡುತ್ತದೆ.

ಇ) ಚಳಿ: ಈ ಮೀನಿಗೆ 24ರಿಂದ 28 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನೀರು ಅಗತ್ಯ. ಬೆಂಗಳೂರಿನಲ್ಲಿ ಡಿಸೆಂಬರ್, ಜನವರಿ ತಿಂಗಳ ರಾತ್ರಿಗಳಲ್ಲಿ ಹವೆಯ ಉಷ್ಣತೆ ಸುಮಾರು 15 ಡಿಗ್ರಿಗೆ ಇಳಿಯುವುದರಿಂದ ಚಿಕ್ಕ ಬಟ್ಟಲಿನ ನೀರು ಬೇಗ ತಣ್ಣಗಾಗುತ್ತದೆ.

3. ತಕ್ಷಣದ ಕ್ರಮಗಳು

(1) ಪರೀಕ್ಷಾ ಕಿಟ್‌ನಿಂದ ಅಮೋನಿಯ ಮತ್ತು ನೈಟ್ರೈಟ್ ಪರೀಕ್ಷಿಸುವುದು. ಎರಡೂ ಸೊನ್ನೆ ಇರಬೇಕು.

(2) ನೀರಿನ ಕಾಲು ಭಾಗದಿಂದ ಮೂರನೇ ಒಂದು ಭಾಗವನ್ನು ಬದಲಿಸುವುದು. ಕಿಟ್ ಇಲ್ಲದಿದ್ದರೂ ಇದನ್ನು ಮಾಡಬಹುದು. ಅಮೋನಿಯ ಕಂಡುಬಂದಲ್ಲಿ ಪ್ರತಿದಿನ ಪುನರಾವರ್ತಿಸುವುದು. ಪೂರ್ಣ ನೀರನ್ನು ಒಮ್ಮೆಲೇ ಬದಲಿಸಕೂಡದು.

(3) ಹೊಸ ನೀರು ತೊಟ್ಟಿಯ ನೀರಿನಷ್ಟೇ ಬೆಚ್ಚಗಿರತಕ್ಕದ್ದು. ತೆರೆದ ಪಾತ್ರೆಯಲ್ಲಿ 24 ಗಂಟೆ ಇಟ್ಟ ನೀರಿನಿಂದ ಕ್ಲೋರಿನ್ ಹೊರಹೋಗುತ್ತದೆ, ಕ್ಲೋರಮಿನ್ ಹೋಗುವುದಿಲ್ಲ. ಅಕ್ವೇರಿಯಂ ಅಂಗಡಿಗಳಲ್ಲಿ ದೊರೆಯುವ ಕ್ಲೋರಿನ್ ನಿವಾರಕ ದ್ರಾವಣ ಬಳಸುವುದು ಸುರಕ್ಷಿತ.

(4) ಥರ್ಮೋಸ್ಟಾಟ್ ಇರುವ ಹೀಟರ್ ಅಳವಡಿಸಿ ಉಷ್ಣತೆಯನ್ನು ನಿಧಾನವಾಗಿ ಏರಿಸುವುದು.

(5) ಒಂದು ದಿನ ಆಹಾರ ನಿಲ್ಲಿಸುವುದು. ನಂತರ ದಿನಕ್ಕೆರಡು ಬಾರಿ ಎರಡು ಮೂರು ಸಣ್ಣ ಕಾಳು ಮಾತ್ರ ನೀಡಿ, ಉಳಿದುದನ್ನು ತೆಗೆಯುವುದು.

(6) ಫಿಲ್ಟರ್ ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ತೊಳೆಯುವುದು. ನಲ್ಲಿ ನೀರಿನಲ್ಲಿ ತೊಳೆದಲ್ಲಿ ಉಪಯುಕ್ತ ಬ್ಯಾಕ್ಟೀರಿಯಾ ನಾಶವಾಗುತ್ತವೆ.

ಮನುಷ್ಯರ ಆಂಟಿಬಯಾಟಿಕ್ ಮಾತ್ರೆಗಳನ್ನು ನೀರಿಗೆ ಹಾಕಕೂಡದು. ಅಂದಾಜಿನ ಔಷಧಿ ರೋಗಕ್ಕಿಂತ ಬೇಗ ಮೀನನ್ನು ಕೊಲ್ಲಬಹುದು.

4. ರೋಗಗಳ ಗುರುತು

- ಉಪ್ಪಿನ ಹರಳಿನಂತಹ ಬಿಳಿ ಚುಕ್ಕೆ: ಇಕ್ ಎಂಬ ಪರಾವಲಂಬಿ ರೋಗ. ಔಷಧಿಯು ನೀರಿನಲ್ಲಿ ಈಜಾಡುವ ಹಂತದ ಪರಾವಲಂಬಿಯನ್ನು ಮಾತ್ರ ಕೊಲ್ಲುವುದರಿಂದ, ಚುಕ್ಕೆಗಳು ಮಾಯವಾದ ಬಳಿಕವೂ ಚಿಕಿತ್ಸೆ ಪೂರ್ಣಗೊಳಿಸಬೇಕು.
- ಚಿನ್ನದ ಪುಡಿ ಉದುರಿಸಿದಂತಹ ಹೊಳಪು: ವೆಲ್ವೆಟ್ ರೋಗ. ಟಾರ್ಚ್ ಬೆಳಕಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ.
- ಈಜುರೆಕ್ಕೆಯ ಅಂಚು ಹರಿದು ಕೊಳೆಯುವುದು: ಪ್ರಾರಂಭದಲ್ಲಿ ನೀರಿನ ಶುದ್ಧತೆಯಿಂದಲೇ ಗುಣವಾಗುವುದುಂಟು.
- ಹೊಟ್ಟೆ ಊದಿ ಹುರುಪೆಗಳು ನಿಮಿರುವುದು: ಗಂಭೀರ ಸ್ಥಿತಿ. ಚೇತರಿಕೆ ವಿರಳ.

5. ಸಲಹೆ ಪಡೆಯುವಾಗ ನೀಡಬೇಕಾದ ವಿವರಗಳು

ಎರಡು ಮೂರು ದಿನಗಳಲ್ಲಿ ಸುಧಾರಣೆ ಕಾಣದಿದ್ದಲ್ಲಿ ಪಶುವೈದ್ಯರ ಅಥವಾ ಮೀನುಗಾರಿಕೆ ತಜ್ಞರ ಸಲಹೆ ಪಡೆಯುವುದು. ಬಿಳಿ ಚುಕ್ಕೆ, ಚಿನ್ನದ ಹೊಳಪು ಅಥವಾ ನಿಮಿರಿದ ಹುರುಪೆ ಕಂಡಲ್ಲಿ ಕಾಯದೆ ಸಂಪರ್ಕಿಸುವುದು. ಮೀನು ಖರೀದಿಸಿದ ದಿನಾಂಕ, ತೊಟ್ಟಿಯ ಅಳತೆ (ಕನಿಷ್ಠ 10 ಲೀಟರ್, 20 ಲೀಟರ್ ಇದ್ದಲ್ಲಿ ಉತ್ತಮ), ನೀರಿನ ಮೂಲ ಹಾಗೂ ಉಷ್ಣತೆ, ಈಗಾಗಲೇ ಹಾಕಿದ ಔಷಧಿ, ಮೀನಿನ ಭಾವಚಿತ್ರ ಮತ್ತು ಬಾಟಲಿಯಲ್ಲಿ ತೊಟ್ಟಿಯ ನೀರು ಒದಗಿಸಿದಲ್ಲಿ ಕಾರಣ ಪತ್ತೆಗೆ ಅನುಕೂಲವಾಗುತ್ತದೆ.

6. ವಿಶೇಷ ಸೂಚನೆ

ಗಂಡು ಮೀನುಗಳು ಪರಸ್ಪರ ಕಾದಾಡುವುದರಿಂದ ಪ್ರತ್ಯೇಕವಾಗಿ ಸಾಕತಕ್ಕದ್ದು. ಕೈಯಲ್ಲಿ ಗಾಯವಿದ್ದಲ್ಲಿ ತೊಟ್ಟಿಯ ನೀರನ್ನು ಮುಟ್ಟಬಾರದು. ನೀರು ಮುಟ್ಟಿದ ಬಳಿಕ ಕೈಗಳನ್ನು ಸಾಬೂನಿನಿಂದ ತೊಳೆಯುವುದು. ಬೇಡವಾದ ಅಥವಾ ರೋಗಪೀಡಿತ ಮೀನನ್ನು ಕೆರೆ, ಬಾವಿ, ಕಾಲುವೆಗಳಿಗೆ ಬಿಡಕೂಡದು. ಇದರಿಂದ ಸ್ಥಳೀಯ ಮೀನುಗಳಿಗೆ ರೋಗ ಹರಡುವ ಅಪಾಯವಿದೆ. ಸತ್ತ ಮೀನನ್ನು ಮಣ್ಣಿನಲ್ಲಿ ಹೂಳತಕ್ಕದ್ದು.