ಕೈಗೂ ಚಕ್ರಕ್ಕೂ ನಡುವೆ ತಂತ್ರಾಂಶ: ಬದಲಾಗುತ್ತಿರುವ ಕಾರಿನ ಸ್ಟೀರಿಂಗ್, ಸಸ್ಪೆನ್ಷನ್

ದೇವನಹಳ್ಳಿಯಿಂದ ಸೂಲಿಬೆಲೆ ಮಾರ್ಗವಾಗಿ ಹೊಸಕೋಟೆಗೆ ಸಾಗುವ ಕಾರುಗಳಿಗೆ ಇಂದು ಎರಡು ಬಗೆಯ ರಸ್ತೆಗಳಿವೆ. ಒಂದು, ದಾಬಸ್‌ಪೇಟೆ, ದೊಡ್ಡಬಳ್ಳಾಪುರಗಳಿಂದ ಬಂದು ಹೊಸಕೋಟೆಯತ್ತ ಸಾಗುವ ಸ್ಯಾಟಲೈಟ್ ಟೌನ್ ರಿಂಗ್ ರಸ್ತೆ. ಮತ್ತೊಂದು, ಊರುಗಳ ನಡುವೆಯೇ ಹಾದುಹೋಗುವ, ಟ್ರ್ಯಾಕ್ಟರು, ತರಕಾರಿ ಗಾಡಿ, ರಸ್ತೆ ಉಬ್ಬುಗಳಿಂದ ಕೂಡಿದ ಹಳೆಯ ದಾರಿ. ಮೊದಲನೆಯದರಲ್ಲಿ ವಾಹನವು ಬಿಗಿಯಾಗಿ, ಅಲುಗಾಡದೆ ಓಡಬೇಕು. ಎರಡನೆಯದರಲ್ಲಿ ಮೆತ್ತಗೆ, ಹಗುರವಾಗಿ ತಿರುಗಬೇಕು. ಒಂದೇ ಸ್ಪ್ರಿಂಗು, ಒಂದೇ ಶಾಕ್ ಅಬ್ಸಾರ್ಬರ್ ಈ ಎರಡೂ ಕೆಲಸಗಳನ್ನು ಸಮನಾಗಿ ಮಾಡಲಾರವು. ಕಾರಿನ ಅಡಿಭಾಗಕ್ಕೆ ತಂತ್ರಾಂಶ ಪ್ರವೇಶಿಸಿದ್ದಕ್ಕೆ ಮುಖ್ಯ ಕಾರಣ ಇದೇ.

ಈ ತಂತ್ರಜ್ಞಾನ ಕನ್ನಡಿಗರಿಗೆ ತೀರಾ ಅಪರಿಚಿತವೇನಲ್ಲ. 2000ರ ದಶಕದ ಮಧ್ಯಭಾಗದಲ್ಲಿ ಬಿಎಂಟಿಸಿ ಬೆಂಗಳೂರಿನ ರಸ್ತೆಗಿಳಿಸಿದ ವೋಲ್ವೊ ಬಸ್ಸುಗಳು ನಿಲ್ದಾಣದಲ್ಲಿ ಬಾಗಿಲಿನ ಬದಿಗೆ ತುಸು ಬಾಗಿ ಪ್ರಯಾಣಿಕರನ್ನು ಹತ್ತಿಸಿಕೊಳ್ಳುತ್ತಿದ್ದುದನ್ನು ಅನೇಕರು ಕಂಡಿದ್ದಾರೆ. ಉಕ್ಕಿನ ಪಟ್ಟಿಗಳ ಬದಲು ಗಾಳಿ ತುಂಬಿದ ಚೀಲಗಳು, ಅವುಗಳಿಗೆ ಗಾಳಿ ಬಿಡುವ ಮತ್ತು ತೆಗೆಯುವ ವಿದ್ಯುನ್ಮಾನ ಕವಾಟಗಳು ಅಲ್ಲಿ ಕೆಲಸ ಮಾಡುತ್ತಿದ್ದವು. 1998ರಿಂದ ಹೊಸಕೋಟೆ ತಾಲ್ಲೂಕಿನಲ್ಲಿ ತಯಾರಿಕಾ ಘಟಕ ನಡೆಸುತ್ತಿರುವ ವೋಲ್ವೊ ಸಮೂಹ, 2013ರಲ್ಲಿ ಯುರೋಪಿನ ತನ್ನ ಲಾರಿಗಳಿಗೆ ವಿದ್ಯುತ್ ಮೋಟಾರಿನ ನೆರವುಳ್ಳ ಸ್ಟೀರಿಂಗನ್ನೂ ಅಳವಡಿಸಿತು. ಆ ಮೋಟಾರಿನ ಬಲವನ್ನು ನಿಯಂತ್ರಕವು ಸೆಕೆಂಡಿಗೆ ಸುಮಾರು 2,000 ಬಾರಿ ಸರಿಹೊಂದಿಸುತ್ತದೆ.

ಸ್ಟೀರಿಂಗಿನಲ್ಲಿ ಆದದ್ದೇನು?

ಹಿಂದಿನ ಪವರ್ ಸ್ಟೀರಿಂಗಿನಲ್ಲಿ ಎಂಜಿನ್ ತಿರುಗಿಸುವ ಪಂಪು ತೈಲದ ಒತ್ತಡದಿಂದ ಚಾಲಕನ ಶ್ರಮವನ್ನು ಕಡಿಮೆ ಮಾಡುತ್ತಿತ್ತು. ಅಗತ್ಯವಿರಲಿ ಇಲ್ಲದಿರಲಿ, ಪಂಪು ಎಂಜಿನ್ನಿನ ಶಕ್ತಿಯನ್ನು ಸದಾ ಕಬಳಿಸುತ್ತಿತ್ತು. 1988ರಲ್ಲಿ ಜಪಾನಿನ ಸುಝುಕಿ ಸೆರ್ವೋ ಎಂಬ ಪುಟ್ಟ ಕಾರಿನೊಂದಿಗೆ ಬಂದ ವಿದ್ಯುತ್ ಪವರ್ ಸ್ಟೀರಿಂಗ್ ಈ ತೈಲವನ್ನೇ ತೆಗೆದುಹಾಕಿತು. ಸ್ಟೀರಿಂಗ್ ಕಂಬಿಯಲ್ಲಿರುವ ತೆಳು ಸರಳೊಂದು ಎಷ್ಟು ತಿರುಚಿಕೊಂಡಿತೆಂಬುದನ್ನು ಸಂವೇದಕ ಅಳೆಯುತ್ತದೆ. ವಾಹನದ ವೇಗವನ್ನೂ ಗಮನಿಸಿ ನಿಯಂತ್ರಕವು ಮೋಟಾರಿಗೆ ಆಜ್ಞೆ ನೀಡುತ್ತದೆ. ಆದ್ದರಿಂದಲೇ ಸಂತೆಯ ಬಳಿ ಕಾರನ್ನು ನಿಲ್ಲಿಸುವಾಗ ಒಂದೇ ಬೆರಳಿಗೆ ಮಣಿಯುವ ಸ್ಟೀರಿಂಗ್ ಹೆದ್ದಾರಿಯಲ್ಲಿ ಭಾರವೆನಿಸುತ್ತದೆ.

ಮೋಟಾರು ತಂತ್ರಾಂಶದ ಮಾತನ್ನು ಕೇಳುತ್ತದೆ ಎಂದಾದ ಮೇಲೆ ಚಾಲಕನ ಕೈಗಾಗಿಯೇ ಕಾಯಬೇಕಾಗಿಲ್ಲ. ಕ್ಯಾಮೆರಾ ಪಥದ ಗೆರೆಗಳನ್ನು ನೋಡಿ ಕಾರನ್ನು ಪಥದಲ್ಲೇ ಇರಿಸುವ ಸೌಲಭ್ಯ ಭಾರತದಲ್ಲೇ ತಯಾರಾಗುವ ಕಾರುಗಳಿಗೆ ಬಂದಿರುವುದು ಹೀಗೆ. ರಿಂಗ್ ರಸ್ತೆಯ ಬಿಳಿ ಗೆರೆಗಳ ಮೇಲೆ ಅದು ಅಚ್ಚುಕಟ್ಟಾಗಿ ನಡೆದೀತು. ಗೆರೆಯೇ ಇಲ್ಲದ ಹಳ್ಳಿಯ ರಸ್ತೆಯಲ್ಲಿ ಅದರ ನೆರವನ್ನು ನಂಬಿ ಕೂರುವುದು ಮೂರ್ಖತನ.

ಸಸ್ಪೆನ್ಷನ್ ಎಂಬ ರಾಜಿ

ಉಬ್ಬು ಹಾಯ್ದಾಗ ಕಾರಿನ ಒಡಲು ಸೆಕೆಂಡಿಗೆ ಒಂದೆರಡು ಬಾರಿ ನಿಧಾನವಾಗಿ ತೂಗಿದರೆ, ಚಕ್ರಗಳು ಹತ್ತು ಹದಿನೈದು ಬಾರಿ ಅದುರುತ್ತವೆ. ಎರಡನ್ನೂ ಒಂದೇ ಶಾಕ್ ಅಬ್ಸಾರ್ಬರ್ ಅಡಗಿಸಬೇಕು. ಅರೆ ಸಕ್ರಿಯ ಸಸ್ಪೆನ್ಷನ್ನಿನಲ್ಲಿ ಒಡಲು ಮತ್ತು ಚಕ್ರಗಳ ಚಲನೆಯನ್ನು ಸಂವೇದಕಗಳು ಅಳೆದು, ತೈಲ ಹರಿಯುವ ದಾರಿಯನ್ನು ಕ್ಷಣಾರ್ಧದಲ್ಲಿ ಹಿಗ್ಗಿಸುತ್ತವೆ ಇಲ್ಲವೆ ಕುಗ್ಗಿಸುತ್ತವೆ. 2002ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ ಬಂದ ವಿಧಾನವಂತೂ ಕುತೂಹಲಕರ: ತೈಲದಲ್ಲಿ ಕಬ್ಬಿಣದ ಸೂಕ್ಷ್ಮ ಕಣಗಳಿದ್ದು, ಕಾಂತಕ್ಷೇತ್ರ ಹರಿಸಿದೊಡನೆ ಅದು ಗಟ್ಟಿಯಾಗುತ್ತದೆ. ಮರ್ಸಿಡಿಸ್ ಬೆಂಝ್ 2013ರ ಎಸ್ ಕ್ಲಾಸ್ ಕಾರಿನಲ್ಲಿ ಮುಂದಿನ ರಸ್ತೆಯನ್ನು ಕ್ಯಾಮೆರಾದಿಂದ ನೋಡಿ ಮೊದಲೇ ಸಿದ್ಧಗೊಳ್ಳುವ ವ್ಯವಸ್ಥೆಯನ್ನು ತಂದಿತು. ಭಾರತದಲ್ಲಿ 2024ರ ನವೆಂಬರಿನಲ್ಲಿ ಮಹೀಂದ್ರ ಅನಾವರಣಗೊಳಿಸಿದ ವಿದ್ಯುತ್ ಕಾರುಗಳಲ್ಲೂ ಅರೆ ಸಕ್ರಿಯ ಸಸ್ಪೆನ್ಷನ್ ಇದೆ. ಎಲ್ಲವೂ ತಂತ್ರಾಂಶದ ಮಹಿಮೆಯೆಂದು ಮಾರಾಟಗಾರರು ಹೇಳಿದರೆ ನಂಬಬೇಕಿಲ್ಲ. ಅದೇ ಸಂಸ್ಥೆಯ ಎಕ್ಸ್‌ಯುವಿ 700 ಕಾರಿನ ಶಾಕ್ ಅಬ್ಸಾರ್ಬರುಗಳು ಅದುರಿನ ವೇಗಕ್ಕೆ ತಕ್ಕಂತೆ ಬದಲಾಗುವುದು ಕೇವಲ ಕವಾಟದ ರಚನೆಯಿಂದ.

ಇದಕ್ಕೂ ಮಿತಿಯುಂಟು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ ರಸ್ತೆ ಉಬ್ಬು 3.7 ಮೀಟರ್ ಅಗಲವಿದ್ದು, 10 ಸೆಂಟಿಮೀಟರ್ ಮಾತ್ರ ಎತ್ತರವಿರಬೇಕು. ಒಂದೇ ರಾತ್ರಿಯಲ್ಲಿ ಏಳುವ ಕಡಿದಾದ ಉಬ್ಬುಗಳಿಗೆ ಈ ಲೆಕ್ಕ ಗೊತ್ತಿಲ್ಲ. ಅರೆ ಸಕ್ರಿಯ ವ್ಯವಸ್ಥೆ ಪೆಟ್ಟನ್ನು ಮೆತ್ತಗಾಗಿಸಬಲ್ಲುದೇ ಹೊರತು, ಕಾರಿನ ತಳ ನೆಲಕ್ಕೆ ತಾಗುವುದನ್ನು ತಪ್ಪಿಸಲಾರದು.

ಕೆಟ್ಟಾಗ ಏನು ಗತಿ?

ಇಲ್ಲಿನ ಬಹುತೇಕ ಕಾರುಗಳಲ್ಲಿ ಸ್ಟೀರಿಂಗಿನಿಂದ ಚಕ್ರದವರೆಗೆ ಉಕ್ಕಿನ ಸಂಪರ್ಕ ಇನ್ನೂ ಇದೆ. ಆದ್ದರಿಂದ ಮೋಟಾರಿನ ನೆರವು ನಿಂತರೆ ಸ್ಟೀರಿಂಗ್ ಭಾರವಾಗುತ್ತದೆ, ಆದರೂ ಬಲ ಹಾಕಿ ತಿರುಗಿಸಬಹುದು. ಬ್ಯಾಟರಿ ದುರ್ಬಲವಾದರೂ ಹೀಗಾಗುವುದುಂಟು. 2013ರ ಇನ್ಫಿನಿಟಿ ಕ್ಯೂ50 ಕಾರು ಆಜ್ಞೆಯನ್ನು ತಂತಿಯ ಮೂಲಕ ಕಳುಹಿಸುತ್ತಿತ್ತಾದರೂ ಆಪತ್ತಿಗೆಂದು ಯಾಂತ್ರಿಕ ಸಂಪರ್ಕವನ್ನು ಇಟ್ಟುಕೊಂಡಿತ್ತು. 2023ರ ಟೆಸ್ಲಾ ಸೈಬರ್‌ಟ್ರಕ್‌ನಲ್ಲಿ ಅದೂ ಇಲ್ಲ. ಜೋಡಿ ಮೋಟಾರುಗಳ ಮೇಲೆಯೇ ಭರವಸೆ. ವಾಹನ ವಿದ್ಯುನ್ಮಾನದ ಸುರಕ್ಷತೆಗೆಂದು 2011ರಲ್ಲಿ ಹೊರಬಂದ ಐಎಸ್ಒ 26262 ಮಾನದಂಡದಲ್ಲಿ ಸ್ಟೀರಿಂಗನ್ನು ಸಾಮಾನ್ಯವಾಗಿ ಅತ್ಯಂತ ಕಠಿಣ ವರ್ಗದಲ್ಲಿ ಇರಿಸಲಾಗುತ್ತದೆ.

ದೋಷದ ಸ್ವರೂಪವೂ ಬದಲಾಗಿದೆ. 2024ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಹೋಂಡಾ ಸುಮಾರು 17 ಲಕ್ಷ ಕಾರುಗಳನ್ನು ಸ್ಟೀರಿಂಗ್ ಗೇರಿನ ಹಲ್ಲುಚಕ್ರದ ದೋಷಕ್ಕಾಗಿ ಹಿಂದಕ್ಕೆ ಕರೆಯಿತು. ಅದಕ್ಕೆ ಮೆಕ್ಯಾನಿಕ್ಕಿನ ಕೈಯೇ ಬೇಕಾಯಿತು. 2025ರ ಫೆಬ್ರುವರಿಯಲ್ಲಿ ಟೆಸ್ಲಾ 3.76 ಲಕ್ಷ ಕಾರುಗಳ ಸ್ಟೀರಿಂಗ್ ದೋಷಕ್ಕೆ ನೀಡಿದ ಪರಿಹಾರ ಹೊಸ ತಂತ್ರಾಂಶ ಮಾತ್ರ, ಅದೂ ಮನೆಯ ಮುಂದೆ ನಿಂತಿದ್ದಾಗಲೇ.

ಇದರ ಬಿಸಿ ಹೆಚ್ಚಾಗಿ ತಟ್ಟುವುದು ಊರಿನ ಗ್ಯಾರೇಜುಗಳಿಗೆ. ವ್ಹೀಲ್ ಅಲೈನ್‌ಮೆಂಟ್ ಮಾಡಿದ ಬಳಿಕ ಅನೇಕ ಕಾರುಗಳಲ್ಲಿ ಸ್ಟೀರಿಂಗ್ ಕೋನದ ಸಂವೇದಕಕ್ಕೆ ‘ನೇರ’ ಯಾವುದೆಂದು ಸ್ಕ್ಯಾನರ್ ಮೂಲಕ ತಿಳಿಸಬೇಕು. ಇಲ್ಲವಾದರೆ ಜಾರುವಿಕೆ ತಡೆಯುವ ವ್ಯವಸ್ಥೆ ಎಚ್ಚರಿಕೆ ದೀಪ ಹೊತ್ತಿಸೀತು, ಅನಗತ್ಯವಾಗಿ ಬ್ರೇಕ್ ಹಾಕಿದರೂ ಆಶ್ಚರ್ಯವಿಲ್ಲ. ಮತ್ತೊಂದು ಅಪಾಯ ಕಣ್ಣಿಗೆ ಬೀಳದಂಥದ್ದು. ಕಾರು ಒಂದು ಬದಿಗೆ ಎಳೆಯತೊಡಗಿದರೆ ಕೆಲವು ಸ್ಟೀರಿಂಗ್ ವ್ಯವಸ್ಥೆಗಳು ತಾವೇ ಸರಿದೂಗಿಸಿಬಿಡುತ್ತವೆ. ಸವೆದ ಟೈರು, ಸಡಿಲಗೊಂಡ ಟೈ ರಾಡ್ ತುದಿಗಳ ಸುಳಿವು ಮೊದಲಿನಂತೆ ಕೈಗೆ ಸಿಗದೆ ಹೋಗಬಹುದು. ಆದಕಾರಣ ಹಳೆಯ ಕಾರು ಕೊಳ್ಳುವವರು ಓಡಿಸಿ ನೋಡಿದರಷ್ಟೇ ಸಾಲದು; ಜಾಕ್ ಮೇಲೆ ಎತ್ತಿಸಿ ಚಕ್ರವನ್ನು ಕೈಯಿಂದ ಅಲುಗಾಡಿಸಿ ನೋಡಬೇಕು, ಸ್ಕ್ಯಾನರ್‌ನಲ್ಲಿ ಉಳಿದಿರುವ ದೋಷ ಸಂಕೇತಗಳನ್ನೂ ಓದಿಸಬೇಕು.