ಗಣಿತದಿಂದ ಎದ್ದು ನಡೆದ ಬೆಕ್ಕು

ಅನಿಮೇಷನ್ ಎಂದರೆ ಚಿತ್ರ ಬಿಡಿಸಬಲ್ಲವರ ಕಸುಬು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಮಗುವಿನ ಕೈಯಲ್ಲಿ ಗೆರೆ ಚೆನ್ನಾಗಿ ಮೂಡಿದರೆ ಅದನ್ನು ಕಲೆಯ ಕಡೆಗೂ, ಲೆಕ್ಕ ಚೆನ್ನಾಗಿ ಬಂದರೆ ಎಂಜಿನಿಯರಿಂಗ್ ಕಡೆಗೂ ತಳ್ಳಿಬಿಡುತ್ತೇವೆ. ಈ ಎರಡು ದಾರಿಗಳು ಮುಂದೆ ಎಲ್ಲಿಯೂ ಕೂಡುವುದಿಲ್ಲ ಎಂದು ಮನೆಯ ಹಿರಿಯರೂ ಶಾಲೆಯ ಮೇಷ್ಟ್ರುಗಳೂ ತೀರ್ಮಾನಿಸಿರುತ್ತಾರೆ. ಆದರೆ ನಮ್ಮ ಮಕ್ಕಳು ಟೀವಿಯಲ್ಲಿ, ಮೊಬೈಲಿನಲ್ಲಿ ಕಣ್ಣು ಮಿಟುಕಿಸದೆ ನೋಡುವ ಕಂಪ್ಯೂಟರ್ ಅನಿಮೇಷನ್ನಿನ ಚರಿತ್ರೆಯನ್ನು ಕೆದಕಿದರೆ ಸಿಗುವ ಕತೆಯೇ ಬೇರೆ. ಅದರ ಬುನಾದಿ ಹಾಕಿದವರಲ್ಲಿ ಬಹಳಷ್ಟು ಮಂದಿ ಗಣಿತ, ಭೌತಶಾಸ್ತ್ರ ಓದಿಕೊಂಡವರು. ತಮಗೆ ಚಿತ್ರಕಾರನಾಗುವಷ್ಟು ಕೈಯಿಲ್ಲ ಎಂದು ತಿಳಿದು, ಆ ಕಾರಣಕ್ಕೇ ಲೆಕ್ಕದ ಬಾಗಿಲಿನಿಂದ ಒಳಗೆ ಬಂದವರೂ ಅವರಲ್ಲಿದ್ದರು.

1963ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದ ಎಡ್ವರ್ಡ್ ಝಾಜಾಕ್ ಎಂಬ ವಿಜ್ಞಾನಿ ಕಂಪ್ಯೂಟರಿನಿಂದ ಒಂದು ಪುಟ್ಟ ಚಲನಚಿತ್ರ ಮಾಡಿದರು. ಭೂಮಿಯನ್ನು ಸುತ್ತುವ ಉಪಗ್ರಹ ಆಕಾಶದಲ್ಲಿ ಹೇಗೆ ಹೊರಳುತ್ತದೆ ಎಂದು ತೋರಿಸುವುದು ಅದರ ಉದ್ದೇಶ. ಅದರಲ್ಲಿ ಕಾಣುವುದು ಒಂದು ಗೋಳ, ಅದನ್ನು ಸುತ್ತುವ ಒಂದು ಪೆಟ್ಟಿಗೆ, ಅಷ್ಟೇ. ಆದರೆ ಆ ಪೆಟ್ಟಿಗೆಯ ಒಂದೊಂದು ಹೊರಳನ್ನೂ ಯಾರೂ ಕೈಯಲ್ಲಿ ಬರೆದಿರಲಿಲ್ಲ. ಭೌತಶಾಸ್ತ್ರದ ಸಮೀಕರಣಗಳು ಅದನ್ನು ಹೊರಳಿಸಿದ್ದವು. ಕಂಪ್ಯೂಟರಿನಲ್ಲಿ ಮೂಡಿದ ಮೊದಮೊದಲ ಚಲನಚಿತ್ರಗಳಲ್ಲಿ ಇದೂ ಒಂದು.

ಐದು ವರ್ಷಗಳ ನಂತರ, 1968ರಲ್ಲಿ, ಸೋವಿಯತ್ ಒಕ್ಕೂಟದ ಗಣಿತಜ್ಞ ನಿಕೊಲಾಯ್ ಕಾನ್‌ಸ್ಟಾಂಟಿನೋವ್ ಮತ್ತು ಅವರ ಸಂಗಡಿಗರು ಒಂದು ಬೆಕ್ಕನ್ನು ನಡೆಸಿದರು. ಬೆಕ್ಕಿನ ನಡಿಗೆಯನ್ನು ಅವಕಲ ಸಮೀಕರಣಗಳಲ್ಲಿ ಬರೆದು, ಬೆಸ್ಮ್-4 ಎಂಬ ಕಂಪ್ಯೂಟರಿಗೆ ಉಣಿಸಿದರು. ಆ ಯಂತ್ರಕ್ಕೆ ನಮ್ಮ ಕಾಲದ ಪರದೆ ಇರಲಿಲ್ಲ. ಅದು ಕಾಗದದ ಮೇಲೆ ಅಕ್ಷರಗಳನ್ನು ಒತ್ತೊತ್ತಾಗಿ ಅಚ್ಚು ಹಾಕಿ ಬೆಕ್ಕಿನ ಆಕಾರ ಮೂಡಿಸಿತು. ಹಾಳೆ ಹಾಳೆಯಾಗಿ ಬಂದ ಆ ಆಕಾರಗಳನ್ನು ಫಿಲ್ಮಿಗೆ ಇಳಿಸಿದಾಗ ಬೆಕ್ಕು ನಿಜಕ್ಕೂ ಬೆಕ್ಕಿನಂತೆಯೇ ಹೆಜ್ಜೆಯಿಟ್ಟಿತು. ಕಾನ್‌ಸ್ಟಾಂಟಿನೋವ್ ತಮ್ಮ ಬದುಕಿನ ಬಹುಭಾಗವನ್ನು ಶಾಲಾ ಮಕ್ಕಳಿಗೆ ಗಣಿತ ಕಲಿಸುವುದರಲ್ಲಿ ಕಳೆದರು ಎಂಬುದನ್ನು ಇಲ್ಲಿ ನೆನೆಯಬೇಕು.

ಇದೇ ಕಾಲಕ್ಕೆ ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಒಂದು ಪುಟ್ಟ ಗುಂಪು ಕಟ್ಟಿಕೊಳ್ಳುತ್ತಿತ್ತು. ಡೇವಿಡ್ ಇವಾನ್ಸ್ ಅಲ್ಲಿ ಕಂಪ್ಯೂಟರ್ ವಿಭಾಗ ತೆರೆದಿದ್ದರು. 1963ರಲ್ಲಿ ಪರದೆಯ ಮೇಲೆ ಬೆಳಕಿನ ಲೇಖನಿಯಿಂದ ಗೆರೆ ಎಳೆಯುವ 'ಸ್ಕೆಚ್‌ಪ್ಯಾಡ್' ಮಾಡಿದ್ದ ಐವಾನ್ ಸದರ್‌ಲ್ಯಾಂಡ್ 1968ರಲ್ಲಿ ಅವರನ್ನು ಕೂಡಿಕೊಂಡರು. ಇವರ ಶಿಷ್ಯರಲ್ಲೊಬ್ಬರು ಎಡ್ ಕ್ಯಾಟ್ಮುಲ್. ಬಾಲ್ಯದಲ್ಲಿ ಡಿಸ್ನಿಯ ಚಿತ್ರಗಳನ್ನು ನೋಡಿ ಅನಿಮೇಟರ್ ಆಗಬೇಕೆಂದು ಕನಸು ಕಂಡ ಹುಡುಗ. ಆ ಕಸುಬಿಗೆ ಬೇಕಾದಷ್ಟು ಚಿತ್ರಕಲೆ ತನ್ನ ಕೈಯಲ್ಲಿಲ್ಲ ಎಂದು ಅರಿವಾದಾಗ ಅವರು ಭೌತಶಾಸ್ತ್ರ ಮತ್ತು ಕಂಪ್ಯೂಟರ್ ವಿಜ್ಞಾನ ಓದಿದರು. 1972ರಲ್ಲಿ ಸಹಪಾಠಿ ಫ್ರೆಡ್ ಪಾರ್ಕ್ ಜೊತೆ ಸೇರಿ ತಮ್ಮ ಎಡಗೈಯನ್ನೇ ಕಂಪ್ಯೂಟರಿನೊಳಗೆ ಇಳಿಸಿದರು. ಕೈಯ ಅಚ್ಚು ತೆಗೆದು, ಅದರ ಮೇಲೆ ಸುಮಾರು 350 ತ್ರಿಕೋನ ಮತ್ತಿತರ ಬಹುಭುಜಗಳನ್ನು ಬರೆದು, ಒಂದೊಂದು ಮೂಲೆಯ ಅಳತೆಯನ್ನೂ ಅಂಕಿಗಳಾಗಿ ಕಂಪ್ಯೂಟರಿಗೆ ಒಪ್ಪಿಸಿದರು. ಪರದೆಯ ಮೇಲೆ ಆ ಕೈ ಮುಷ್ಟಿ ಕಟ್ಟಿತು, ಬಿಚ್ಚಿತು, ಬೆರಳು ತೋರಿಸಿತು. ಚಿತ್ರಕ್ಕೆ ಒಗ್ಗದ ಕೈ ತಾನೇ ಚಿತ್ರವಾದದ್ದು ಹೀಗೆ. 1995ರಲ್ಲಿ ಬಂದ 'ಟಾಯ್ ಸ್ಟೋರಿ', ಪೂರ್ತಿಯಾಗಿ ಕಂಪ್ಯೂಟರಿನಲ್ಲೇ ತಯಾರಾದ ಮೊದಲ ಪೂರ್ಣಾವಧಿ ಚಲನಚಿತ್ರ, ಕ್ಯಾಟ್ಮುಲ್ ಮುನ್ನಡೆಸುತ್ತಿದ್ದ ಪಿಕ್ಸಾರ್ ಸಂಸ್ಥೆಯದು.

ಈ ಸಾಧನೆ ಒಂದೇ ದೇಶದವರದ್ದೂ ಅಲ್ಲ. ಯೂಟಾದಲ್ಲಿ ಫ್ರಾನ್ಸಿನ ಆಂರಿ ಗೂರೊ ಇದ್ದರು. ಮೂಲೆ ಮೂಲೆಯಾಗಿ ಕಾಣುವ ಮೇಲ್ಮೈಯನ್ನು ನುಣುಪಾಗಿ ತೋರಿಸುವ ಲೆಕ್ಕವನ್ನು 1971ರಲ್ಲಿ ಕಂಡುಕೊಂಡವರು. ಹನೋಯಿಯಲ್ಲಿ ಹುಟ್ಟಿದ ವಿಯೆಟ್ನಾಮಿನ ಬುಯಿ ಟುವೊಂಗ್ ಫಾಂಗ್ ಇದ್ದರು. ಮಾವಿನ ಹಣ್ಣಿನ ಮೇಲೋ ಹಿತ್ತಾಳೆ ಚೆಂಬಿನ ಮೇಲೋ ಬೆಳಕು ಬಿದ್ದಾಗ ಒಂದು ಕಡೆ ಮಾತ್ರ ಫಳಫಳ ಹೊಳೆಯುತ್ತದಲ್ಲ, ಆ ಹೊಳಪನ್ನು ಲೆಕ್ಕಕ್ಕೆ ತಂದವರು ಅವರು. ಅವರ ದೇಶದ ಮೇಲೆ ಅಮೆರಿಕದ ಬಾಂಬುಗಳು ಬೀಳುತ್ತಿದ್ದ ಕಾಲದಲ್ಲಿ ಅವರು ಅಮೆರಿಕದ ವಿಶ್ವವಿದ್ಯಾಲಯದಲ್ಲಿ ಬೆಳಕಿನ ಬಗ್ಗೆ ಯೋಚಿಸುತ್ತಿದ್ದರು. 1973ರಲ್ಲಿ ಡಾಕ್ಟರೇಟ್ ಪಡೆದು, 1975ರಲ್ಲಿ, ಮೂವತ್ಮೂರು ತುಂಬುವ ಮೊದಲೇ ತೀರಿಕೊಂಡರು. ಇಂದಿಗೂ ಈ ವಿದ್ಯೆ ಕಲಿಯುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಅವರ ಹೆಸರಿನ ಸೂತ್ರವನ್ನು ಬರೆದೇ ಮುಂದೆ ಹೋಗುತ್ತಾನೆ.

ಈ ವಿದ್ಯೆ ಕೆಲಸ ಮಾಡುವ ಬಗೆ ನಾವಂದುಕೊಂಡಷ್ಟು ಕಠಿಣವಲ್ಲ. ಒಂದು ಚೆಂಡು ಕೆಳಗೆ ಬೀಳುವುದನ್ನೇ ತೆಗೆದುಕೊಳ್ಳೋಣ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರಗಳು ಓಡುತ್ತವೆ. ಕೈಬಿಟ್ಟ ಚೆಂಡು ಮೊದಲ ಸೆಕೆಂಡಿನಲ್ಲಿ ಸುಮಾರು 4.9 ಮೀಟರ್ ಬೀಳುತ್ತದೆ. ಆದರೆ ಅದನ್ನು 24 ಸಮ ತುಂಡು ಮಾಡಿ ಇಳಿಸಿದರೆ ಚೆಂಡು ಬೀಳುವಂತೆ ಕಾಣದು, ಹಗ್ಗ ಕಟ್ಟಿ ಇಳಿಬಿಟ್ಟಂತೆ ಕಾಣುತ್ತದೆ. ನಿಜದಲ್ಲಿ ಅದು ಮೊದಲ ಚಿತ್ರದ ಹೊತ್ತಿಗೆ ಸುಮಾರು 8.5 ಮಿಲಿಮೀಟರ್ ಇಳಿಯುತ್ತದೆ. ಎರಡನೆಯದಕ್ಕೆ ಇನ್ನೂ 25.5, ಮೂರನೆಯದಕ್ಕೆ ಮತ್ತೂ 42.5. ಒಂದು, ಮೂರು, ಐದು ಎಂಬ ಲೆಕ್ಕದಲ್ಲಿ ಹೆಜ್ಜೆ ದೊಡ್ಡದಾಗುತ್ತ ಹೋಗುತ್ತದೆ. ನಾನೂರು ವರ್ಷಗಳ ಹಿಂದೆ ಗೆಲಿಲಿಯೋ ಕಂಡುಕೊಂಡದ್ದು ಇದನ್ನೇ. ಪ್ರೋಗ್ರಾಮಿನಲ್ಲಿ ಇದಕ್ಕೆ ಎರಡು ಸಾಲು ಸಾಕು: ಪ್ರತಿ ಚಿತ್ರಕ್ಕೂ ವೇಗಕ್ಕೆ ಗುರುತ್ವವನ್ನು ಕೂಡು, ಸ್ಥಾನಕ್ಕೆ ವೇಗವನ್ನು ಕೂಡು. ನೆಲ ತಾಗಿದಾಗ ವೇಗವನ್ನು ತಿರುಗಿಸಿ ಸ್ವಲ್ಪ ಕಡಿಮೆ ಮಾಡು ಎಂದು ಇನ್ನೊಂದು ಸಾಲು ಸೇರಿಸಿದರೆ ಚೆಂಡು ಪುಟಿಯುತ್ತದೆ, ಕೊನೆಗೆ ಸುಸ್ತಾಗಿ ನಿಲ್ಲುತ್ತದೆ.

ಇನ್ನು ಕೈಕಾಲುಗಳ ಚಲನೆ. ನಮ್ಮ ತೊಗಲುಗೊಂಬೆಯಾಟದವರಿಗೆ ಇದರ ಗುಟ್ಟು ತಲೆಮಾರುಗಳಿಂದ ಗೊತ್ತಿದೆ. ಗೊಂಬೆಯ ತೋಳು ಭುಜದ ಕೀಲಿನಲ್ಲಿ ತಿರುಗಿದರೆ ಮುಂಗೈಯೂ ಅದರ ಜೊತೆಗೇ ಹೋಗುತ್ತದೆ. ಮೊಣಕೈಯ ಕೀಲಿನಲ್ಲಿ ಮುಂಗೈ ತನ್ನದೇ ತಿರುವು ತಿರುಗುತ್ತದೆ. ಕಂಪ್ಯೂಟರಿನ ಗೊಂಬೆಯೂ ಹೀಗೆಯೇ. ಅಲ್ಲಿ ಕಡ್ಡಿ ಹಿಡಿದು ತಿರುಗಿಸುವ ಕೈಯ ಬದಲು ಸೈನ್, ಕೊಸೈನ್‌ಗಳಿವೆ. ಹತ್ತನೇ ತರಗತಿಯಲ್ಲಿ ನಮ್ಮ ಮಕ್ಕಳು ಉರು ಹೊಡೆಯುವ ಅದೇ ಸೈನ್, ಕೊಸೈನ್. ಪಿಯುಸಿಯಲ್ಲಿ ಬರುವ ಮ್ಯಾಟ್ರಿಕ್ಸ್ ಎಂಬ ಅಂಕಿಗಳ ಚೌಕ ಈ ತಿರುವುಗಳನ್ನು ಒಂದರ ಮೇಲೊಂದು ಜೋಡಿಸುವ ಸಾಧನ. ಇದೆಲ್ಲ ಯಾವ ಕೆಲಸಕ್ಕೆ ಬರುತ್ತದೆ ಸಾರ್ ಎಂದು ಕೇಳಿದ ಹುಡುಗನಿಗೆ ಪರೀಕ್ಷೆಗೆ ಬರುತ್ತದೆ ಎಂಬ ಉತ್ತರವಷ್ಟೇ ಸಿಗುತ್ತದೆ. ಒಂದು ಗೊಂಬೆಯ ಕೈ ಎತ್ತಿಸಿ ತೋರಿಸಿದ್ದರೆ ಆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ಈ ಸೈನ್ ಎಂಬ ಶಬ್ದದ ಪಯಣ ಕುತೂಹಲಕಾರಿಯಾದದ್ದು. ಕ್ರಿ.ಶ. 499ರಲ್ಲಿ ಆರ್ಯಭಟ ಅದರ ಬೆಲೆಗಳನ್ನು ಲೆಕ್ಕ ಹಾಕಿ ಕೊಟ್ಟಾಗ ಅದು ಬಿಲ್ಲಿನ ಹೆದೆ, ಅಂದರೆ 'ಜ್ಯಾ'. 'ಜೀವಾ' ಎಂಬ ರೂಪವೂ ಇತ್ತು. ಅರಬ್ಬರು ಅದನ್ನು ತಮ್ಮ ಭಾಷೆಗೆ ಒಯ್ದು 'ಜೀಬ' ಎಂದರು. ಅರಬಿಯಲ್ಲಿ ಸ್ವರ ಬರೆಯದೆ ಬಿಡುವ ರೂಢಿಯಿಂದಾಗಿ ಅದು 'ಜೈಬ್' ಎಂದೂ ಓದಿಸಿಕೊಂಡಿತು. ಜೈಬ್ ಎಂದರೆ ಉಡುಪಿನ ಎದೆಯ ಮಡಿಕೆ. ಉರ್ದುವಿನ ಜೇಬ್, ನಾವು ಕನ್ನಡದಲ್ಲಿ ದಿನವೂ ಕೈಹಾಕುವ ಜೇಬು, ಅದೇ ಶಬ್ದದ ಮಕ್ಕಳು. 12ನೇ ಶತಮಾನದಲ್ಲಿ ಯುರೋಪಿನ ಅನುವಾದಕರು ಮಡಿಕೆಗೆ ಲ್ಯಾಟಿನ್ನಿನಲ್ಲಿರುವ 'ಸೈನಸ್' ಎಂಬ ಪದ ಬಳಸಿದರು. ಅಲ್‌ಜಬ್ರದ್ದೂ ಇಂಥದ್ದೇ ಕತೆ. ಉರ್ದು ಬಲ್ಲ ನಮ್ಮ ಕಿವಿಗೆ 'ಜಬ್ರ್' ಎಂದರೆ ಬಲವಂತ. ಗಣಿತಕ್ಕೆ ಹೆದರುವ ಮಕ್ಕಳು ಅದು ಸರಿಯಾದ ಅರ್ಥವೇ ಎನ್ನಬಹುದು! ಆದರೆ ಒಂಬತ್ತನೇ ಶತಮಾನದ ಬಗ್ದಾದಿನಲ್ಲಿ ಅಲ್ ಖ್ವಾರಿಜ್ಮಿ ತಮ್ಮ ಗ್ರಂಥಕ್ಕೆ ಆ ಹೆಸರಿಟ್ಟಾಗ ಅದರ ಅರ್ಥ ಮುರಿದದ್ದನ್ನು ಮತ್ತೆ ಕೂಡಿಸುವುದು. ಮೂಳೆ ಮುರಿದಾಗ ಕೂಡಿಸುವುದಕ್ಕೂ ಅದೇ ಮಾತು. ಅವರ ಹೆಸರಿನಿಂದಲೇ ಪ್ರೋಗ್ರಾಮಿನ ಜೀವಾಳವಾದ 'ಅಲ್ಗಾರಿದಮ್' ಎಂಬ ಪದ ಬಂತು.

ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನ್ ಅಲ್ ಹೈಥಮ್‌ರನ್ನೂ ಇಲ್ಲಿ ಮರೆಯಲಾಗದು. ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ತಾಗುವುದರಿಂದ ನಮಗೆ ಕಾಣುತ್ತದೆ ಎಂದು ಯೂಕ್ಲಿಡನಂಥವರು ನಂಬಿದ್ದರು. ಹಾಗಲ್ಲ, ವಸ್ತುವಿನಿಂದ ಬೆಳಕು ಕಣ್ಣಿಗೆ ಬರುತ್ತದೆ ಎಂದು ಸಾವಿರ ವರ್ಷಗಳ ಹಿಂದೆ ತಮ್ಮ 'ಕಿತಾಬ್ ಅಲ್ ಮನಾಜಿರ್' ಗ್ರಂಥದಲ್ಲಿ ಸಾಧಿಸಿದವರು ಹೈಥಮ್. ತಮಾಷೆಯೆಂದರೆ, 1968ರಲ್ಲಿ ಆರ್ಥರ್ ಆಪೆಲ್ ಮತ್ತು 1980ರಲ್ಲಿ ಟರ್ನರ್ ವಿಟೆಡ್ ಬೆಳೆಸಿದ ಕಿರಣ ಹಿಂಬಾಲಿಸುವ ವಿಧಾನದಲ್ಲಿ ಕಂಪ್ಯೂಟರ್ ಕಣ್ಣಿನಿಂದಲೇ ಲೆಕ್ಕ ಆರಂಭಿಸುತ್ತದೆ. ದೀಪದಿಂದ ಹೊರಟ ಕಿರಣಗಳಲ್ಲಿ ಕಣ್ಣಿಗೆ ಬಂದು ಸೇರುವವು ತೀರ ಕಡಿಮೆ. ಎಲ್ಲವನ್ನೂ ಲೆಕ್ಕ ಹಾಕುತ್ತ ಕೂತರೆ ಮುಗಿಯದು. ಹಾಗಾಗಿ ಹೈಥಮ್ ತೋರಿಸಿದ ದಾರಿಯಲ್ಲೇ ಹಿಮ್ಮುಖವಾಗಿ ನಡೆಯುತ್ತಾರೆ.

ಇದನ್ನೆಲ್ಲ ಹೇಳುವುದು ಎಲ್ಲವೂ ನಮ್ಮವರಲ್ಲೇ ಇತ್ತು ಎಂದು ಮೀಸೆ ತಿರುವುವುದಕ್ಕಲ್ಲ. ಆರ್ಯಭಟನನ್ನು ಒಂದು ಗುಂಪು, ಖ್ವಾರಿಜ್ಮಿಯನ್ನು ಇನ್ನೊಂದು ಗುಂಪು ತಮ್ಮ ಬಾವುಟಕ್ಕೆ ಸುತ್ತಿಕೊಳ್ಳುವುದನ್ನು ನಾವು ಸಾಕಷ್ಟು ನೋಡಿದ್ದೇವೆ. ಬಾವುಟ ಬೀಸುವವರ ಮಕ್ಕಳು ಎರಡೂ ಕಡೆ ಗಣಿತಕ್ಕೆ ಹೆದರಿಯೇ ಓಡುತ್ತಿದ್ದಾರೆ. ಜ್ಯಾ ಸೈನ್ ಆದದ್ದು ಅದನ್ನು ಯಾರೂ ತಮ್ಮ ಜೇಬಿನಲ್ಲೇ ಇಟ್ಟುಕೊಳ್ಳದೆ ಇನ್ನೊಬ್ಬರಿಗೆ ಕೊಟ್ಟದ್ದರಿಂದ.

ಹಾಗೆಯೇ, ಈ ವಿದ್ಯೆಯ ಹಿಂದೆ ಯುದ್ಧದ ನೆರಳೂ ಇದೆ ಎಂಬುದನ್ನು ಮುಚ್ಚಿಡಬೇಕಿಲ್ಲ. ಎರಡನೇ ಮಹಾಯುದ್ಧದಲ್ಲಿ ವಿಮಾನಗಳಿಗೆ ಗುರಿಯಿಡುತ್ತಿದ್ದ ಯಂತ್ರವನ್ನು ಕೊಂಡು, ಅದನ್ನು ಮಾರ್ಪಡಿಸಿ ಚಲಿಸುವ ಚಿತ್ತಾರಗಳನ್ನು ಮಾಡಿದವರು ಜಾನ್ ವಿಟ್ನಿ. ಯೂಟಾದ ಸಂಶೋಧನೆಗೆ ಹಣ ಬಂದದ್ದೂ ಅಮೆರಿಕದ ರಕ್ಷಣಾ ಇಲಾಖೆಯಿಂದ. ಕೊಲ್ಲುವುದಕ್ಕೆ ಮಾಡಿದ ಲೆಕ್ಕ ಮಕ್ಕಳನ್ನು ನಗಿಸುವುದಕ್ಕೂ ಒದಗಿತು. ಆದರೆ ಅದನ್ನು ಆ ಕಡೆಗೆ ತಿರುಗಿಸುವ ಮನುಷ್ಯರು ಬೇಕಾಗಿದ್ದರು.

ಗಣಿತವೊಂದಿದ್ದರೆ ಎಲ್ಲ ಮುಗಿಯಿತೇ? ಇಲ್ಲ. 1982ರ 'ಟ್ರಾನ್' ಚಿತ್ರಕ್ಕೆ ದುಡಿದ ಕೆನ್ ಪರ್ಲಿನ್‌ಗೆ ಕಂಪ್ಯೂಟರಿನ ಚಿತ್ರಗಳು ತೀರ ಯಾಂತ್ರಿಕವಾಗಿ ಕಂಡವು. ಮರದ ಎಳೆ, ಮೋಡ, ಅಮೃತಶಿಲೆಯ ಗೀರುಗಳಲ್ಲಿರುವ ಹದವಾದ ಅಸ್ತವ್ಯಸ್ತತೆಯನ್ನು ಅವರು ಸೂತ್ರಕ್ಕೆ ಇಳಿಸಬೇಕಾಯಿತು. 1986ರಲ್ಲಿ ಪಿಕ್ಸಾರ್‌ನ ಜಾನ್ ಲ್ಯಾಸೆಟರ್ ಎರಡು ಮೇಜುದೀಪಗಳ ಪುಟ್ಟ ಚಿತ್ರ 'ಲಕ್ಸೊ ಜೂನಿಯರ್' ಅನ್ನು ವಿಜ್ಞಾನಿಗಳ ಮುಂದೆ ತೋರಿಸಿದಾಗ ನಡೆದದ್ದನ್ನು ಈಗಲೂ ಹೇಳುತ್ತಾರೆ. ಯೂಟಾದಲ್ಲೇ ಓದಿದ್ದ ಜಿಮ್ ಬ್ಲಿನ್ ಎದ್ದು ಬಂದರು. ನೆರಳಿನ ಲೆಕ್ಕದ ಬಗ್ಗೆ ಕೇಳುತ್ತಾರೆಂದು ಲ್ಯಾಸೆಟರ್ ಅಂಜಿದ್ದರು. ಬ್ಲಿನ್ ಕೇಳಿದ್ದು, ಆ ದೊಡ್ಡ ದೀಪ ತಾಯಿಯೋ ತಂದೆಯೋ ಎಂದು. ದೀಪದ ಜಿಗಿತ ನಂಬುವಂತಾಗುವುದಕ್ಕೆ ಲೆಕ್ಕ ಬೇಕಾಗಿತ್ತು, ಆ ಪ್ರಶ್ನೆ ಹುಟ್ಟುವುದಕ್ಕೆ ಕತೆಗಾರನೂ ಬೇಕಾಗಿತ್ತು.

ಬೆಂಗಳೂರಿಗೆ ಈ ಚರಿತ್ರೆ ದೂರದ್ದಲ್ಲ. ಕರ್ನಾಟಕ ಸರ್ಕಾರ 2012ರಲ್ಲೇ ಅನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕೆಂದು ನೀತಿ ರೂಪಿಸಿತು. ಹೊರದೇಶದ ದೊಡ್ಡ ಚಿತ್ರಗಳ ಎಷ್ಟೋ ಕೆಲಸ ಇಲ್ಲಿನ ಯುವಕ ಯುವತಿಯರ ಕೈಯಲ್ಲಿ ನಡೆಯಿತು. 2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಸಮೂಹ ಕುಸಿದಾಗ ಅದರ ಬೆಂಗಳೂರಿನ ಸ್ಟುಡಿಯೋ ಕೂಡ ಬಾಗಿಲು ಹಾಕಿತು. ಅದರಲ್ಲಿದ್ದವರು ಒಮ್ಮೆಲೇ ಬೀದಿಗೆ ಬಿದ್ದರು. ಅವರ ಕುಶಲತೆಯಲ್ಲಿ ಕೊರತೆಯಿತ್ತೆಂದು ಯಾರೂ ಹೇಳಲಾರರು. ಆದರೆ ನಮ್ಮ ಊರುಗಳ ತರಬೇತಿ ಕೇಂದ್ರಗಳು ದೊಡ್ಡ ಶುಲ್ಕ ಪಡೆದು ಏನು ಕಲಿಸುತ್ತಿವೆ ಎಂದು ಕೇಳಲೇಬೇಕು. ಯಾವ ಗುಂಡಿ ಒತ್ತಿದರೆ ಏನಾಗುತ್ತದೆ ಎಂಬುದನ್ನು ಕಲಿತವನಿಗೆ ಸಾಫ್ಟ್‌ವೇರ್ ಬದಲಾದ ದಿನ ಮತ್ತೆ ಮೊದಲಿನಿಂದ ಕಲಿಯುವ ಪಾಡು. ಮಾತಿನಲ್ಲಿ ಹೇಳಿದರೆ ಚಿತ್ರ ಮಾಡಿಕೊಡುವ ಯಂತ್ರಗಳು ಬಂದಿರುವ ಈ ಹೊತ್ತಿನಲ್ಲಂತೂ ಗುಂಡಿ ಒತ್ತುವ ವಿದ್ಯೆಯ ಆಯಸ್ಸು ಇನ್ನೂ ಕಡಿಮೆ. ಚೆಂಡು ಏಕೆ ಹಾಗೆ ಪುಟಿಯುತ್ತದೆ ಎಂದು ತಿಳಿದವನ ವಿದ್ಯೆ ಅಷ್ಟು ಬೇಗ ಹಳತಾಗದು.

ಕಲಿಯುವುದಕ್ಕೆ ಹಣ ಬೇಕು ಎಂಬ ಮಾತೂ ಈಗ ಪೂರ್ತಿ ನಿಜವಲ್ಲ. 'ಬ್ಲೆಂಡರ್' ಎಂಬ ಸಾಫ್ಟ್‌ವೇರ್ 2002ರಿಂದ ಎಲ್ಲರಿಗೂ ಮುಕ್ತವಾಗಿ ಸಿಗುತ್ತಿದೆ. ಲಾಟ್ವಿಯಾ ಎಂಬ ಪುಟ್ಟ ದೇಶದ ಗಿಂಟ್ಸ್ ಜಿಲ್ಬಲೋಡಿಸ್ ಅದರಲ್ಲೇ ತಯಾರಿಸಿದ 'ಫ್ಲೋ' ಚಿತ್ರಕ್ಕೆ 2025ರಲ್ಲಿ ಆಸ್ಕರ್ ಬಂತು. ಅದರ ನಾಯಕ ಒಂದು ಬೆಕ್ಕು. ಒಂದು ಮಾತನ್ನೂ ಆಡುವುದಿಲ್ಲ. ಮಕ್ಕಳಿಗಾಗಿಯೇ 2007ರಲ್ಲಿ ಬಂದ 'ಸ್ಕ್ರ್ಯಾಚ್' ಕೂಡ ಉಚಿತವೇ. ಶಾಲೆಯ ಮೂಲೆಯಲ್ಲಿ ಧೂಳು ತಿನ್ನುತ್ತಿರುವ ಒಂದು ಹಳೆಯ ಕಂಪ್ಯೂಟರ್ ಇದ್ದರೂ ಚೆಂಡು ಪುಟಿಸಬಹುದು.

ನಮ್ಮಲ್ಲಿ ಎಷ್ಟೋ ಹುಡುಗಿಯರು, ಹುಡುಗರು ಗಣಿತದಲ್ಲಿ ಫೇಲಾಗಿ ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸುತ್ತಾರೆ. ಅವರಲ್ಲಿ ಕೆಲವರಾದರೂ ಟೀವಿಯ ಮುಂದೆ ಕೂತು, ಆ ಬೆಕ್ಕು ಹೇಗೆ ನಡೆಯುತ್ತದೆ ಎಂದು ಬೆರಗಾದವರೇ ಇರುತ್ತಾರೆ. ಆ ಬೆರಗಿನಿಂದ ತ್ರಿಕೋನಮಿತಿಯವರೆಗೆ ಇರುವ ದಾರಿ ಚಿಕ್ಕದು. ಅದನ್ನು ತೋರಿಸುವ ಒಬ್ಬ ಮೇಷ್ಟ್ರು, ಒಬ್ಬ ಉಸ್ತಾದ್, ಒಬ್ಬ ಅಕ್ಕ ಪ್ರತಿ ಊರಿನಲ್ಲೂ ಬೇಕಾಗಿದ್ದಾರೆ.