ಮೊದಲ ಫುಲ್ ಫ್ರೇಮ್ ಕ್ಯಾಮೆರಾ: ಬಾಡಿಗಿಂತ ಮೊದಲು ಲೆನ್ಸಿನ ಲೆಕ್ಕ

ಹಳೆಯ 35 ಮಿ.ಮೀ. ಫಿಲ್ಮಿನ ಚೌಕಟ್ಟಿನಷ್ಟೇ ದೊಡ್ಡದಾದ, ಅಂದರೆ 36 x 24 ಮಿ.ಮೀ. ಅಳತೆಯ ಸೆನ್ಸರ್ ಉಳ್ಳ ಕ್ಯಾಮೆರಾಗಳನ್ನು ಫುಲ್ ಫ್ರೇಮ್ ಎನ್ನುತ್ತಾರೆ. ಇವು ಬಹುಕಾಲ ದೊಡ್ಡ ನಗರಗಳ ಸ್ಟುಡಿಯೊಗಳಿಗೆ ಮಾತ್ರ ಎಟುಕುವಂತಿದ್ದವು. 2005ರಲ್ಲಿ ಕ್ಯಾನನ್ 5ಡಿ ಬಂದಾಗ ಅದನ್ನು ಅಗ್ಗದ ಫುಲ್ ಫ್ರೇಮ್ ಎಂದೇ ಕರೆಯಲಾಯಿತು. ಅಮೆರಿಕದಲ್ಲಿ ಅದರ ಬಾಡಿಯೊಂದರ ಬೆಲೆಯೇ 3,299 ಡಾಲರ್ ಇತ್ತು. ಒಳಗಿನ ಕನ್ನಡಿಯನ್ನು ತೆಗೆದುಹಾಕಿದ ಮಿರರ್‌ಲೆಸ್ ಮಾದರಿಗಳು ಬಂದ ಮೇಲೆ ಚಿತ್ರ ಬದಲಾಯಿತು. 2013ರ ಸೋನಿ ಎ7 ಬೆಲೆ 1,699 ಡಾಲರ್‌ಗೆ ಇಳಿಯಿತು, 2019ರ ಕ್ಯಾನನ್ ಇಒಎಸ್ ಆರ್‌ಪಿ 1,299ಕ್ಕೆ ಬಂದು ನಿಂತಿತು. ಅದೇ 2019ರ ಜನವರಿ 1ರಿಂದ ನಮ್ಮಲ್ಲಿ ಡಿಜಿಟಲ್ ಕ್ಯಾಮೆರಾಗಳ ಮೇಲಿನ ಜಿಎಸ್‌ಟಿಯೂ ಶೇ 28ರಿಂದ ಶೇ 18ಕ್ಕೆ ಇಳಿಯಿತು.

ಹೀಗಾಗಿ ತಾಲ್ಲೂಕು ಕೇಂದ್ರದ ಮದುವೆ ಛಾಯಾಗ್ರಾಹಕರೂ ಇಂದು ಸಾಲ ಮಾಡಿಯಾದರೂ ಫುಲ್ ಫ್ರೇಮ್ ಕೊಳ್ಳುವ ಯೋಚನೆಯಲ್ಲಿದ್ದಾರೆ. ಆದರೆ ಕೈಯಲ್ಲಿದ್ದ ಹಣವೆಲ್ಲ ಬಾಡಿಗೇ ಸಂದು, ಲೆನ್ಸಿಗೆ ಏನೂ ಉಳಿಯದಿದ್ದರೆ ಈ ಹೂಡಿಕೆಯಿಂದ ಪ್ರಯೋಜನ ಕಡಿಮೆ. ಇದನ್ನು ಲೆಕ್ಕ ಹಾಕಿಯೇ ನೋಡಬಹುದು.

ಕಿಟ್ ಲೆನ್ಸಿನ ಗಣಿತ

ಅಗ್ಗದ ಕ್ಯಾಮೆರಾಗಳಲ್ಲಿ ಸಾಮಾನ್ಯವಾದ ಎಪಿಎಸ್-ಸಿ ಸೆನ್ಸರಿನ ಅಳತೆ ಸುಮಾರು 23.5 x 15.6 ಮಿ.ಮೀ. ಫುಲ್ ಫ್ರೇಮಿನ ವಿಸ್ತೀರ್ಣ ಅದರ ಸುಮಾರು 2.3 ಪಟ್ಟು. ಒಂದೇ ಎಫ್ ಸಂಖ್ಯೆಯಲ್ಲಿ, ಒಂದೇ ಶಟರ್ ವೇಗದಲ್ಲಿ ಅದು ಅಷ್ಟೇ ಪಟ್ಟು ಹೆಚ್ಚು ಬೆಳಕನ್ನು ಸಂಗ್ರಹಿಸುತ್ತದೆ. ಮಂದ ಬೆಳಕಿನ ಚಿತ್ರಗಳಲ್ಲಿ ಕಾಳುಕಾಳಾದ ಕಲೆ ಕಡಿಮೆಯಾಗುವುದಕ್ಕೆ ಮುಖ್ಯ ಕಾರಣ ಇದೇ.

ಈಗ ನಿಕಾನ್ ಝಡ್5 ಜತೆ ಕಿಟ್ ಆಗಿ ಬಂದ 24-50 ಮಿ.ಮೀ. ಲೆನ್ಸನ್ನು ನೋಡಿ. 50 ಮಿ.ಮೀ.ನಲ್ಲಿ ಅದರ ಗರಿಷ್ಠ ತೆರಪು ಎಫ್/6.3 ಮಾತ್ರ. ಕ್ಯಾನನ್ ಆರ್8ರ ಕಿಟ್ ಲೆನ್ಸಿನ ಕಥೆಯೂ ಅದೇ. ಎಫ್/2.8 ಲೆನ್ಸು ಎಫ್/6.3ಕ್ಕಿಂತ ಐದು ಪಟ್ಟು ಬೆಳಕನ್ನು ಒಳಬಿಡುತ್ತದೆ. ದೊಡ್ಡ ಸೆನ್ಸರಿನ 2.3 ಪಟ್ಟು ಲಾಭವನ್ನು ಕಳೆದರೂ, ಎಫ್/2.8 ಜೂಮ್ ತೊಡಿಸಿದ ಸಣ್ಣ ಸೆನ್ಸರಿನ ಕ್ಯಾಮೆರಾ ಸುಮಾರು ಎರಡು ಪಟ್ಟು ಮುಂದಿರುತ್ತದೆ. ಅಂದರೆ ಕಿಟ್ ಲೆನ್ಸಿನ ಫುಲ್ ಫ್ರೇಮ್ ಹಿಡಿದು ಮಂಟಪಕ್ಕೆ ಹೋದವರು, ಅದಕ್ಕಿಂತ ಕಡಿಮೆ ಖರ್ಚು ಮಾಡಿದ ಪಕ್ಕದ ಸ್ಟುಡಿಯೊದವರಿಗಿಂತ ಹಿಂದೆ ಉಳಿಯುವ ಸಾಧ್ಯತೆ ಇದೆ. ಅಂಗಡಿಗಳಲ್ಲಿ ಈ ಮಾತನ್ನು ಯಾರೂ ತಾವಾಗಿ ಹೇಳುವುದಿಲ್ಲ.

ಆದ್ದರಿಂದ ಬಜೆಟ್ಟಿನ ಮೂರನೇ ಒಂದು ಭಾಗವನ್ನಾದರೂ ಮೊದಲೇ ಲೆನ್ಸಿಗೆ ಎತ್ತಿಡುವುದು ಒಳಿತು. ಹಣ ತೀರಾ ಬಿಗಿಯಾಗಿದ್ದರೆ ಕಿಟ್ ಲೆನ್ಸನ್ನು ಬಿಟ್ಟು ಕ್ಯಾನನ್ ಆರ್‌ಎಫ್ 50 ಎಫ್/1.8, ನಿಕಾನ್ ಝಡ್ 40 ಎಫ್/2, ಸೋನಿ ಎಫ್‌ಇ 50 ಎಫ್/1.8, ಪ್ಯಾನಸಾನಿಕ್ ಎಸ್ 50 ಎಫ್/1.8 ಇವುಗಳಲ್ಲಿ ತಮ್ಮ ಬಾಡಿಗೆ ಹೊಂದುವ ಒಂದನ್ನು ಕೊಳ್ಳಬಹುದು. ಜೂಮ್ ಇರುವುದಿಲ್ಲ, ನಾಲ್ಕು ಹೆಜ್ಜೆ ನಡೆಯಬೇಕಾಗುತ್ತದೆ.

ಯಾರಿಗೆ ಬೇಡ

ಕಬಿನಿಯ ಹುಲಿ, ರಂಗನತಿಟ್ಟಿನ ಹಕ್ಕಿಗಳ ಬೆನ್ನು ಹತ್ತಿದವರಿಗೆ ಅಗ್ಗದ ಫುಲ್ ಫ್ರೇಮ್ ಅಷ್ಟಾಗಿ ಒದಗುವುದಿಲ್ಲ. ಎಪಿಎಸ್-ಸಿಯಲ್ಲಿ 300 ಮಿ.ಮೀ. ಲೆನ್ಸು 450 ಮಿ.ಮೀ.ನಷ್ಟು ಹತ್ತಿರದ ನೋಟ ಕೊಡುತ್ತದೆ. ಫುಲ್ ಫ್ರೇಮಿನಲ್ಲಿ ಅದೇ ನೋಟಕ್ಕೆ ಇನ್ನೂ ಉದ್ದದ, ಇನ್ನೂ ದುಬಾರಿಯ ಲೆನ್ಸು ಬೇಕು.

ಮುಹೂರ್ತ ಮತ್ತೊಮ್ಮೆ ಬರುವುದಿಲ್ಲ

ವೃತ್ತಿಗಾಗಿ ಕೊಳ್ಳುವವರು ಮೆಗಾಪಿಕ್ಸೆಲ್‌ಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಕಾರ್ಡಿನದು. ಮಾಂಗಲ್ಯಧಾರಣೆಯ ಚಿತ್ರಗಳಿರುವ ಮೆಮೊರಿ ಕಾರ್ಡ್ ಕೆಟ್ಟರೆ ಮದುಮಕ್ಕಳನ್ನು ಮತ್ತೆ ಹಸೆಮಣೆಯ ಮೇಲೆ ಕೂರಿಸಲಾಗದು. ಎರಡು ಕಾರ್ಡುಗಳಿಗೆ ಏಕಕಾಲಕ್ಕೆ ಚಿತ್ರ ಬರೆಯುವ ಸೌಲಭ್ಯ 2018ರ ಸೋನಿ ಎ7-3, 2020ರ ನಿಕಾನ್ ಝಡ್5, 2025ರ ಝಡ್5-2 ಮಾದರಿಗಳಲ್ಲಿದೆ. ಕ್ಯಾನನ್ ಆರ್‌ಪಿ ಮತ್ತು 2023ರ ಆರ್8ರಲ್ಲಿ ಒಂದೇ ಸ್ಲಾಟ್. ಆರ್8 ಚಿತ್ರದಲ್ಲೂ ವಿಡಿಯೊದಲ್ಲೂ ಬಹಳ ಚೆನ್ನಾದ ಕ್ಯಾಮೆರಾ, ತೂಕ 461 ಗ್ರಾಂ ಮಾತ್ರ. ಪ್ರವಾಸಕ್ಕೆ, ಮನೆಯ ಬಳಕೆಗೆ ನಿಶ್ಚಿಂತೆಯಿಂದ ಕೊಳ್ಳಬಹುದು. ಆದರೆ ಮುಂಗಡ ಪಡೆದು ಮದುವೆ ಒಪ್ಪಿಕೊಳ್ಳುವವರ ಏಕೈಕ ಕ್ಯಾಮೆರಾ ಆಗಲು ಅದು ತಕ್ಕುದಲ್ಲ ಎಂಬುದು ಈ ಲೇಖಕನ ಅಭಿಪ್ರಾಯ.

ಬ್ಯಾಟರಿಯೂ ಹಾಗೆಯೇ. ಆರ್‌ಪಿ ಒಂದು ಚಾರ್ಜಿಗೆ ಮಾನಕ ಪರೀಕ್ಷೆಯಲ್ಲಿ ಸುಮಾರು 250 ಚಿತ್ರ ಕೊಟ್ಟರೆ, ಎ7-3 ಕಣ್ಣುಕಿಂಡಿ ಬಳಸಿ 610 ಕೊಡುತ್ತದೆ. ಆರ್8ರದೂ ಆರ್‌ಪಿಯ ಸಣ್ಣ ಬ್ಯಾಟರಿಯೇ. ವರಪೂಜೆಯಿಂದ ಬೀಗರ ಊಟದವರೆಗೆ ನಿಲ್ಲಬೇಕಾದವರು ಹೆಚ್ಚುವರಿ ಬ್ಯಾಟರಿಗಳ ಬೆಲೆಯನ್ನೂ ಬಾಡಿಯ ಬೆಲೆಗೆ ಸೇರಿಸಿಯೇ ಹೋಲಿಸಬೇಕು.

2024ರಲ್ಲಿ ಬಂದ ಪ್ಯಾನಸಾನಿಕ್ ಎಸ್9 ನೋಡಲು ಅಂದವಾಗಿದೆ. ಆದರೆ ಅದರಲ್ಲಿ ಯಾಂತ್ರಿಕ ಶಟರ್ ಇಲ್ಲ, ಕಣ್ಣುಕಿಂಡಿ ಇಲ್ಲ, ಫ್ಲ್ಯಾಷ್ ಜೋಡಿಸಲೂ ಬರುವುದಿಲ್ಲ. ಮಂಟಪಗಳ ಎಲ್‌ಇಡಿ ದೀಪಗಳ ಕೆಳಗೆ ಎಲೆಕ್ಟ್ರಾನಿಕ್ ಶಟರ್ ಬಳಸಿದರೆ ಚಿತ್ರದಲ್ಲಿ ಅಡ್ಡಪಟ್ಟೆಗಳು ಮೂಡುವ ಅಪಾಯವೂ ಇದೆ. ಅದೇ ಸಂಸ್ಥೆಯ 2023ರ ಎಸ್5-2 ಈ ಕೆಲಸಕ್ಕೆ ಎಷ್ಟೋ ವಾಸಿ.

ಹೊಸದರಲ್ಲಿ ಒಂದನ್ನೇ ಹೆಸರಿಸಬೇಕೆಂದರೆ ಝಡ್5-2. ಬಾಡಿಯೊಳಗೇ ಕೈನಡುಕ ತಡೆಯುವ ವ್ಯವಸ್ಥೆ ಇದೆ. ದುಬಾರಿ ಝಡ್8ರಲ್ಲಿರುವ ಎಕ್ಸ್‌ಪೀಡ್ 7 ಸಂಸ್ಕಾರಕವನ್ನೇ ಇದಕ್ಕೂ ಕೊಟ್ಟಿರುವುದರಿಂದ ಓಡಾಡುವವರ ಮೇಲೆ ಫೋಕಸ್ ನಿಲ್ಲಿಸುವುದರಲ್ಲಿ ಹಳೆಯ ಝಡ್5ಗೂ ಇದಕ್ಕೂ ಬಹಳ ಅಂತರವಿದೆ. ಅಮೆರಿಕದಲ್ಲಿ 1,699 ಡಾಲರ್‌ಗೆ ಬಿಡುಗಡೆಯಾಯಿತು. ಸ್ಥಿರಚಿತ್ರವೇ ಮುಖ್ಯವೆನ್ನುವವರಿಗೆ ಹಳೆಯ ಝಡ್5 ಕೂಡ ಸಾಕು; ವಿಡಿಯೊ ಬೇಕೆಂದರೆ ಅದು 4ಕೆಯಲ್ಲಿ ನೋಟವನ್ನು 1.7 ಪಟ್ಟು ಕತ್ತರಿಸುತ್ತದೆ ಎಂಬುದು ನೆನಪಿರಲಿ.

ಕಪಾಟಿನ ಹಳೆಯ ಲೆನ್ಸುಗಳು

ಡಿಎಸ್‌ಎಲ್‌ಆರ್‌ನಿಂದ ಬರುವವರಿಗೆ ಹಳೆಯ ಲೆನ್ಸುಗಳೇ ಅರ್ಧ ಬಂಡವಾಳ. ಕ್ಯಾನನ್‌ನ ಇಎಫ್ ಲೆನ್ಸುಗಳು ಅದೇ ಸಂಸ್ಥೆಯ ಅಡಾಪ್ಟರ್ ಮೂಲಕ ಆರ್ ಸರಣಿಯಲ್ಲಿ ಆಟೊಫೋಕಸ್ ಸಹಿತ ಕೆಲಸ ಮಾಡುತ್ತವೆ. ನಿಕಾನ್‌ನಲ್ಲಿ ಎಚ್ಚರ ಬೇಕು. ಅದರ ಎಫ್‌ಟಿಝಡ್ ಅಡಾಪ್ಟರಿನಲ್ಲಿ ಮೋಟಾರ್ ಇಲ್ಲದ ಕಾರಣ, ಅನೇಕ ಸ್ಟುಡಿಯೊಗಳಲ್ಲಿರುವ 50 ಎಂಎಂ ಎಫ್/1.8ಡಿಯಂತಹ ಹಳೆಯ ಲೆನ್ಸುಗಳನ್ನು ಕೈಯಿಂದಲೇ ಫೋಕಸ್ ಮಾಡಬೇಕಾಗುತ್ತದೆ.

ಹೊಸದಾಗಿ ಆರಂಭಿಸುವವರು ಬೇರೆ ಸಂಸ್ಥೆಗಳ ಅಗ್ಗದ ಲೆನ್ಸು ಸಿಗುವುದೇ ಎಂದು ವಿಚಾರಿಸಬೇಕು. ಸೋನಿಗೆ ಟ್ಯಾಮ್ರಾನ್‌ನ 28-75 ಎಫ್/2.8 ಸೇರಿದಂತೆ ಆಯ್ಕೆ ವಿಪುಲ. 2018ರಲ್ಲಿ ಲೈಕಾ, ಪ್ಯಾನಸಾನಿಕ್, ಸಿಗ್ಮಾ ಒಂದುಗೂಡಿದ್ದರಿಂದ ಪ್ಯಾನಸಾನಿಕ್ ಕ್ಯಾಮೆರಾಗಳಿಗೆ ಸಿಗ್ಮಾ ಲೆನ್ಸುಗಳು ನೇರವಾಗಿ ಹೊಂದುತ್ತವೆ. ಕ್ಯಾನನ್ ಮಾತ್ರ ಬಾಗಿಲು ಬಿಗಿ ಹಿಡಿದಿತ್ತು. 2024ರಲ್ಲಿ ಸಿಗ್ಮಾ, ಟ್ಯಾಮ್ರಾನ್‌ಗಳಿಗೆ ಅನುಮತಿ ಕೊಟ್ಟಾಗಲೂ ಅದು ಎಪಿಎಸ್-ಸಿ ಲೆನ್ಸುಗಳಿಗಷ್ಟೇ ಸೀಮಿತವಾಗಿತ್ತು.

ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ

ಆರ್‌ಪಿ, ಝಡ್5, ಎ7-3 ಮೂರನ್ನೂ ಸೆಕೆಂಡ್‌ಹ್ಯಾಂಡ್‌ನಲ್ಲಿ ಹುಡುಕುವುದು ಜಾಣತನ. ನಿಕಾನ್, ಸೋನಿಯ ಬಹುಪಾಲು ಮಾದರಿಗಳಲ್ಲಿ ತೆಗೆದ ಚಿತ್ರದ ಕಡತದಿಂದಲೇ ಶಟರ್ ಎಷ್ಟು ಸಲ ಬಡಿದಿದೆ ಎಂದು ತಿಳಿಯಬಹುದು. ಎ7-3ರ ಶಟರಿಗೆ ಸೋನಿ ಹೇಳುವ ಆಯುಷ್ಯ 2 ಲಕ್ಷ ಬಡಿತ. ಬಿಡುವಿಲ್ಲದ ಮದುವೆ ಸ್ಟುಡಿಯೊದಿಂದ ಬಂದ ಕ್ಯಾಮೆರಾ ಅದರ ಸಮೀಪದಲ್ಲಿರಬಹುದು. ಎಫ್/16ರಲ್ಲಿ ಬಿಳಿ ಗೋಡೆಯ ಚಿತ್ರ ತೆಗೆದು ದೊಡ್ಡದು ಮಾಡಿದರೆ ಸೆನ್ಸರಿನ ಮೇಲಿನ ಧೂಳು, ಕಲೆ ಕಾಣುತ್ತದೆ.

ಕರಾವಳಿ ಮತ್ತು ಮಲೆನಾಡಿನಿಂದ ಬರುವ ಲೆನ್ಸುಗಳನ್ನು ಟಾರ್ಚ್ ಬಿಟ್ಟು ನೋಡದೆ ಕೊಳ್ಳಬಾರದು. ಮಳೆಗಾಲದ ತೇವಕ್ಕೆ ಗಾಜಿನ ಒಳಮೈಯಲ್ಲಿ ಜೇಡರ ಬಲೆಯಂತೆ ಬೂಷ್ಟು ಹಬ್ಬಿರುತ್ತದೆ. ಅದನ್ನು ಬಿಚ್ಚಿ ಒರೆಸಿದರೂ ಗಾಜಿನ ಲೇಪನ ಕೆಟ್ಟಿದ್ದರೆ ಸರಿಯಾಗುವುದಿಲ್ಲ. ಕೊಂಡ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜತೆ ಇಡಬೇಕು. ಚರ್ಮದ ಚೀಲದಲ್ಲಿಟ್ಟು ಮರೆಯುವುದೇ ಬೂಷ್ಟಿಗೆ ಆಹ್ವಾನ.

ಹೊಸದಾಗಲಿ ಹಳೆಯದಾಗಲಿ, ಬಿಲ್ಲಿನಲ್ಲಿರುವ ಸೀರಿಯಲ್ ನಂಬರು ಕ್ಯಾಮೆರಾದ ಮೇಲಿರುವ ನಂಬರಿಗೆ ತಾಳೆಯಾಗುವುದೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಬೇಕು. ಬಿಲ್ಲಿಲ್ಲದೆ ಕೆಲವು ಸಾವಿರ ಕಡಿಮೆಗೆ ಸಿಗುವ ವಿದೇಶಿ ಸರಕಿಗೆ ಭಾರತದ ವಾರಂಟಿ ದೊರೆಯದಿರಬಹುದು.